ಚೊಗರಿನ ನೀರಿಗೆ ಟೈಟೇನಿಯಂ ಪುಡಿ: ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ಕಣದ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ತುಂಗೆಗೆ ಹೋಗಿ ಸೇರುವ ಒಂದು ಸಣ್ಣ ಹಳ್ಳದ ಮೇಲ್ದಂಡೆಯಲ್ಲಿ ಈ ಚೇಣಿ (ಫಸಲು ಗುತ್ತಿಗೆ) ಕಣ ಇದೆ. ಊರು, ಮನೆತನದ ಹೆಸರು ಇಲ್ಲಿ ಬೇಡ. ಇಂಥ ಕಣಗಳು ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯೂ ಬೇಕಾದಷ್ಟಿವೆ. ಸುತ್ತಲಿನ ತೋಟಗಳ ಫಸಲನ್ನು ಚೇಣಿಗೆ ಹಿಡಿದವರು ಕೊನೆ (ಅಡಿಕೆ ಗೊಂಚಲು) ಇಳಿಸಿ, ಹಸಿ ಅಡಿಕೆಯನ್ನೆಲ್ಲ ಒಂದೇ ಅಂಗಳಕ್ಕೆ ತಂದು ಸುಲಿಸುತ್ತಾರೆ, ಬೇಯಿಸುತ್ತಾರೆ, ಒಣಗಿಸುತ್ತಾರೆ. ಮೊದಲು ಹತ್ತು ಮನೆಗಳ ಹಿತ್ತಲಲ್ಲಿ ಹಂಚಿ ಇಂಗುತ್ತಿದ್ದ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಕಂದು ನೀರು), ಸಿಪ್ಪೆ ಎಲ್ಲ ಈಗ ಒಂದೇ ಕಡೆ ಬಂದು ಬೀಳುತ್ತದೆ.

ದೀಪಾವಳಿ ಕಳೆದು ಸುಲಿಗೆ ಜೋರಾದ ದಿನಗಳಲ್ಲಿ ಕಣದ ಕೆಳಗಿನ ಮನೆಯ ಬಾವಿ ನೀರು ಕಂದು ಬಣ್ಣಕ್ಕೆ ತಿರುಗಿತು. ಹಳ್ಳದ ಮಡುವಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ ಎಂದು ಮಕ್ಕಳು ಹೇಳಿದರು. ಎರಡು ಮನೆಗಳ ನಡುವೆ ಮಾತು ಬೆಳೆಯಿತು. ಚೇಣಿದಾರರು ಕೆಟ್ಟ ಮನುಷ್ಯರಲ್ಲ. ಹೊಂಡ ತೋಡಿಸಿದರು, ಹೊಂಡ ತುಂಬಿ ಹರಿಯಿತು. ಅದೇ ಊರಿನ ಹುಡುಗಿಯೊಬ್ಬಳು ಎಂ.ಎಸ್ಸಿ. ರಸಾಯನಶಾಸ್ತ್ರದ ಪ್ರಾಜೆಕ್ಟಿಗೆ ಸಾರಜನಕ ಸೇರಿಸಿದ ಟೈಟೇನಿಯಂ ಡೈಆಕ್ಸೈಡ್ ತಯಾರಿಸುತ್ತಿದ್ದಳು. ಬಿಸಿಲು ಬಿದ್ದರೆ ನೀರಿನಲ್ಲಿರುವ ಕೊಳೆಯನ್ನು ಸುಡುವ ಪುಡಿ ತನ್ನ ಹತ್ತಿರ ಇದೆ, ಇಲ್ಲಿ ಒಮ್ಮೆ ಹಾಕಿ ನೋಡೋಣ ಎಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ನಾನು ಈ ಪ್ರಕರಣಕ್ಕೆ ಸೇರಿಕೊಂಡದ್ದು ಹಾಗೆ.

ಈ ಪುಡಿಯಂತೆ ಮಾರ್ಪಡಿಸಿದ ಲೋಹದ ಆಕ್ಸೈಡುಗಳ ಬಗ್ಗೆ ಬರುವ ಬರಹಗಳಲ್ಲಿ ಬಹುಪಾಲು ಪ್ರಯೋಗಾಲಯದ ಬೀಕರಿನೊಳಗೇ ಮುಗಿಯುತ್ತವೆ. ಇಲ್ಲಿ ಪುಡಿ ಬೀಕರಿನಿಂದ ಹೊರಗೆ ಬಂದು ಒಂದು ಕಣವನ್ನು ಎದುರಿಸಿತು. ಏನೇನಾಯಿತು, ಯಾಕಾಯಿತು ಎಂಬುದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು.

ನೀರಿನಲ್ಲಿ ಇದ್ದದ್ದು

ಕರಾವಳಿಯಲ್ಲಿ ಅಡಿಕೆ ಹಣ್ಣಾಗುವ ತನಕ ಬಿಟ್ಟು, ಇಡಿಯಾಗಿ ಒಣಗಿಸಿ ಚಾಲಿ ಮಾಡುತ್ತಾರೆ. ಅಲ್ಲಿ ಬೇಯಿಸುವ ಕೆಲಸವೇ ಇಲ್ಲ. ಮಲೆನಾಡಿನ ಕೆಂಪಡಿಕೆ ಹಾಗಲ್ಲ. ಹಸಿರು ಕಾಯಿ ಇರುವಾಗಲೇ ಕೊನೆ ತೆಗೆದು, ಸುಲಿದು, ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಬೇಕು. ಎಳೆಯ ಅಡಿಕೆಯಲ್ಲಿ ಟ್ಯಾನಿನ್, ಅಂದರೆ ಒಗರು ಕೊಡುವ ವಸ್ತು, ಹೆಚ್ಚು. ಆ ಟ್ಯಾನಿನ್ ನೀರಿಗೆ ಬಿಟ್ಟುಕೊಂಡು, ಒಂದರ ಮೇಲೊಂದು ಹಂಡೆ ಬೆಂದಂತೆಲ್ಲ ಗಟ್ಟಿಯಾಗುತ್ತಾ ಚೊಗರಾಗುತ್ತದೆ. ರಸಾಯನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇವು ಕ್ಯಾಟೆಚಿನ್ ಮತ್ತು ಅದರ ಅಣುಗಳು ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ದೊಡ್ಡ ಅಣುಗಳು, ಅಂದರೆ ಪಾಲಿಫಿನಾಲುಗಳು.

ಇವು ಅಡಿಕೆಯ ಜೊತೆ ಜನ ಬಾಯಲ್ಲಿ ಹಾಕಿಕೊಳ್ಳುವ ವಸ್ತುವೇ. ಆದರೆ ಹಳ್ಳಕ್ಕೆ ಬಿದ್ದರೆ ಎರಡು ರೀತಿಯಲ್ಲಿ ಕೆಡುಕು. ಒಂದು, ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ಒಂದು ಗ್ರಾಂ ಕ್ಯಾಟೆಚಿನ್ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗಬೇಕಾದರೆ ಸುಮಾರು 1.7 ಗ್ರಾಂ ಆಮ್ಲಜನಕ ಬೇಕು. ಎರಡು, ಟ್ಯಾನಿನ್ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಗುಣದ್ದು. ಕೊಳೆಸಬೇಕಾದ ಸೂಕ್ಷ್ಮಜೀವಿಗಳ ಕಿಣ್ವಗಳನ್ನೇ ಅದು ಕಟ್ಟಿಹಾಕುವುದರಿಂದ ಬೇಗ ಕೊಳೆಯುವುದೂ ಇಲ್ಲ. ಬಾವಿಯವರಿಗೆ ಇನ್ನೊಂದು ಎಚ್ಚರಿಕೆಯನ್ನು ನಾವು ಮೊದಲ ದಿನವೇ ಹೇಳಿದೆವು: ನೀರಿನ ಬಣ್ಣ ಹೋಗಲಿ ಎಂದು ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಟ್ಯಾನಿನ್ನಿನಂಥ ಸಾವಯವ ವಸ್ತು ಇರುವ ನೀರಿಗೆ ಕ್ಲೋರಿನ್ ಸೇರಿದರೆ ಕ್ಲೋರೊಫಾರ್ಮ್ ಜಾತಿಯ ಸಂಯುಕ್ತಗಳು ಹುಟ್ಟುತ್ತವೆ. ಬಣ್ಣ ತೆಳುವಾದೀತು, ನೀರು ಒಳ್ಳೆಯದಾಗುವುದಿಲ್ಲ.

ಹರಿದು ಬರುತ್ತಿದ್ದ ನೀರು ಒಂದೇ ಬಗೆಯದಲ್ಲ ಎಂಬುದು ಕಣದಲ್ಲಿ ಒಂದು ಬೆಳಗ್ಗೆ ನಿಂತು ನೋಡಿದಾಗ ಗೊತ್ತಾಯಿತು. ಹಂಡೆ ಬಳಿದು ಚೆಲ್ಲುವ ಗಟ್ಟಿ ಚೊಗರು ಒಂದು. ಹಂಡೆ, ಜರಡಿ, ನೆಲ ತೊಳೆದ ತೆಳು ನೀರು ಇನ್ನೊಂದು. ಮೂರನೆಯದು ಸಿಪ್ಪೆ ರಾಶಿಯಿಂದ ಸೋರುವ ಕಪ್ಪು ರಸ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಕಾಲದ ಒಂದು ಮಳೆ ಬಿದ್ದರೆ ರಾಶಿಯಿಂದ ಇಳಿಯುವ ರಸವೇ ಹಂಡೆಯ ಚೊಗರಿಗಿಂತ ಹೆಚ್ಚು.

ಬೀಕರಿನಲ್ಲಿ ಕಂಡದ್ದು

ಟೈಟೇನಿಯಂ ಡೈಆಕ್ಸೈಡ್ ಒಂದು ಅರೆವಾಹಕ. ಅದರ ಅನಟೇಸ್ ರೂಪದಲ್ಲಿ ಎಲೆಕ್ಟ್ರಾನನ್ನು ಅದರ ಜಾಗದಿಂದ ಎಬ್ಬಿಸಲು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಷ್ಟು ಶಕ್ತಿ ಸುಮಾರು 388 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕಿನಲ್ಲಿ, ಅಂದರೆ ನೇರಳಾತೀತ ಕಿರಣದಲ್ಲಿ ಮಾತ್ರ ಇದೆ. ಎದ್ದ ಎಲೆಕ್ಟ್ರಾನ್ ಆಮ್ಲಜನಕದ ಕಡೆಗೆ ಹೋಗುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ, ಅಂದರೆ ರಂಧ್ರ, ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ಹುಟ್ಟಿಸುತ್ತದೆ. ತುಂಬ ಚುರುಕಾದ ಆ ರ‍್ಯಾಡಿಕಲ್ ಸಿಕ್ಕಿದ ಸಾವಯವ ಅಣುವನ್ನೆಲ್ಲ ಹರಿದುಹಾಕುತ್ತದೆ. ಜಪಾನಿನ ಅಕಿರ ಫುಜಿಶಿಮ ಮತ್ತು ಕೆನಿಚಿ ಹೊಂಡ 1972ರಲ್ಲಿ ಬೆಳಕು ಬಿದ್ದ ಟೈಟೇನಿಯಂ ಡೈಆಕ್ಸೈಡಿನ ಮೇಲೆ ನೀರು ಒಡೆಯುವುದನ್ನು ಪ್ರಕಟಿಸಿದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಇದೇ ಪುಡಿಯಿಂದ ನೀರಿನಲ್ಲಿದ್ದ ಸಯನೈಡನ್ನು ಕೆಡಿಸಿ ತೋರಿಸಿದರು. ನೀರು ಶುದ್ಧಿಗೆ ಇದನ್ನು ಬಳಸಬಹುದೆಂಬ ಆಸೆ ಬೆಳೆದದ್ದು ಆ ಮೇಲೆ.

ತೊಂದರೆ ಎರಡು. ಸೂರ್ಯನ ಬೆಳಕಿನಲ್ಲಿ ನೇರಳಾತೀತದ ಪಾಲು ಶೇಕಡ 5ರ ಆಸುಪಾಸು. ಅದೂ ಅಲ್ಲದೆ, ಎದ್ದ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು ಕೆಲಸ ಮಾಡುವ ಮೊದಲೇ ತಮ್ಮ ರಂಧ್ರಕ್ಕೆ ವಾಪಸು ಬಿದ್ದುಬಿಡುತ್ತವೆ. ನ್ಯಾನೊ ಗಾತ್ರ ಮಾಡುವುದು, ಬೇರೆ ಧಾತು ಸೇರಿಸುವುದು, ಮೇಲೆ ಬೆಳ್ಳಿಯ ಚುಕ್ಕೆ ಕೂರಿಸುವುದು, ಎರಡು ಆಕ್ಸೈಡುಗಳನ್ನು ಬೆಸೆಯುವುದು, ಈ ಎಲ್ಲ ಮಾರ್ಪಾಡುಗಳೂ ಈ ಎರಡು ತೊಂದರೆಗಳಿಗಾಗಿಯೇ. ಪುಡಿಯ ಕಣ ಸಣ್ಣದಾದರೆ ಎಲೆಕ್ಟ್ರಾನ್ ಮೇಲ್ಮೈಗೆ ಬರುವ ದಾರಿ ಗಿಡ್ಡ. ಮೇಲ್ಮೈಯೂ ಹೆಚ್ಚು: ಮಾರುಕಟ್ಟೆಯಲ್ಲಿ ಪಿ25 ಎಂಬ ಹೆಸರಿನಲ್ಲಿ ಸಿಗುವ ಪುಡಿಯ ಒಂದು ಗ್ರಾಮಿನಲ್ಲಿ ಸುಮಾರು 50 ಚದರ ಮೀಟರ್ ಮೇಲ್ಮೈ ಇದೆ. ಸಾರಜನಕ ಸೇರಿಸಿದರೆ ಕಣ್ಣಿಗೆ ಕಾಣುವ ಬೆಳಕಿನ ನೀಲಿ ಅಂಚನ್ನೂ ಹೀರುತ್ತದೆ ಎಂದು 2001ರಲ್ಲಿ ಜಪಾನಿನಿಂದ ಬಂದ ವರದಿ ಈ ದಿಕ್ಕಿನ ಸಂಶೋಧನೆಗೆ ದೊಡ್ಡ ತಳ್ಳು ಕೊಟ್ಟಿತು.

ನಮ್ಮ ಹುಡುಗಿ ಮಾಡಿದ್ದು ಆ ಬಗೆಯ ಪುಡಿ. ಯೂರಿಯಾ ಜೊತೆ ಅರೆದು ಕುಲುಮೆಯಲ್ಲಿ ಕಾಯಿಸಿದ್ದು, ತಿಳಿಹಳದಿ ಬಣ್ಣದ್ದು. ಮಿಥಿಲೀನ್ ಬ್ಲೂ ಬಣ್ಣದ ನೀರಿಗೆ ಹಾಕಿ ಬಿಸಿಲಲ್ಲಿ ಇಟ್ಟರೆ ನೀಲಿ ಮಾಯವಾಗುತ್ತಿತ್ತು. ಅವಳ ಸಂತೋಷ ಸಹಜ. ಆದರೆ ಈ ಪರೀಕ್ಷೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂದು ಸ್ವಲ್ಪ ನಿಂತು ನೋಡಬೇಕು. ಮಿಥಿಲೀನ್ ಬ್ಲೂ ತಾನೇ ಬೆಳಕು ಹೀರಿ ಎಲೆಕ್ಟ್ರಾನನ್ನು ಆಕ್ಸೈಡಿಗೆ ದಾಟಿಸಬಲ್ಲದು, ಆಗ ಕೆಲಸ ಮಾಡಿದ್ದು ಬಣ್ಣವೋ ಪುಡಿಯೋ ತಿಳಿಯದು. ಅಣು ಒಡೆಯದೆಯೇ ಎಲೆಕ್ಟ್ರಾನ್ ಪಡೆದು ಬಣ್ಣವಿಲ್ಲದ ರೂಪಕ್ಕೆ ಹೋಗಿ ಕೂರುವುದೂ ಉಂಟು. ಗಾಳಿ ತಾಗಿದರೆ ನೀಲಿ ಮರಳಿ ಬರುತ್ತದೆ. ಯೂರಿಯಾದಿಂದ ಬಂದ ಹಳದಿಯೂ ಪೂರ್ತಿ ಆಕ್ಸೈಡಿನೊಳಗೆ ಸೇರಿದ ಸಾರಜನಕದ್ದೇ ಆಗಿರಬೇಕಿಲ್ಲ. ಯೂರಿಯಾ ಕಾದಾಗ ಆಗುವ ಕಾರ್ಬನ್ ನೈಟ್ರೈಡ್ ಬಗೆಯ ವಸ್ತು ಪುಡಿಯ ಕಣಗಳ ಮೇಲೆ ಕೂತು ಅದೇ ಬಣ್ಣ ಕೊಡುತ್ತದೆ. ಇದನ್ನೆಲ್ಲ ಅವಳೇ ಓದಿಕೊಂಡಿದ್ದಳು. ಆದರೂ ಕಣದ ನೀರಿನ ತುರ್ತು ಎದುರಿಗಿತ್ತು, ಪುಡಿ ಕೈಯಲ್ಲಿತ್ತು.

ಕಣದಲ್ಲಿ ಇನ್ನೂ ಕಪ್ಪಾದದ್ದು

ಗಟ್ಟಿ ಚೊಗರನ್ನು ನೀರು ಬೆರೆಸಿ ತೆಳು ಮಾಡಿ, ಕಣದ ಮೂಲೆಯ ಡ್ರಮ್ಮಿಗೆ ತುಂಬಿ, ಪುಡಿ ಕಲಸಿ, ಆಗಾಗ ಕೋಲಿನಿಂದ ತಿರುವುತ್ತಾ ಬಿಸಿಲಿಗಿಟ್ಟರು. ಸಂಜೆಗೆ ನೀರು ಕಂದಿನಿಂದ ಮಸಿಗಪ್ಪಾಗಿತ್ತು.

"ನಿನ್ನ ಪುಡಿ ಹಾಕಿದ ಮೇಲೆ ಇನ್ನೂ ಕಪ್ಪಾಯ್ತಲ್ಲೇ ತಂಗಿ," ಅಂದರು ಚೇಣಿದಾರರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

ಒಲೆ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಡ್ರಮ್ಮನ್ನು ತಟ್ಟಿ ನೋಡಿದರು. "ಕಬ್ಬಿಣದ್ದು. ಚೊಗರಿಗೆ ಕಬ್ಬಿಣ ಮುಟ್ಟಿಸಿದರೆ ಕಪ್ಪಾಗದೆ ಇನ್ನೇನಾಗ್ತದೆ ಅಮ್ಮ? ಅದಕ್ಕೇ ಅಲ್ವಾ ತಾಮ್ರದ ಹಂಡೆ ಇಟ್ಟದ್ದು."

ಅವರು ಹೇಳಿದ್ದು ಸರಿ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಹುಟ್ಟುವ ಕಪ್ಪು ಹಳೆಯ ಕಾಲದ ಶಾಯಿಯ ಕಪ್ಪು. ಆದರೆ ಅಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಕಾರಣ ಮಾತ್ರ ಸಿಗುತ್ತಿತ್ತು. ಹುಡುಗಿ ಮರುದಿನ ಪ್ಲಾಸ್ಟಿಕ್ ಬಕೆಟ್‌ಗಳನ್ನು ಸಾಲಾಗಿ ಇಟ್ಟಳು. ಒಂದರಲ್ಲಿ ಪುಡಿ ಇಲ್ಲದ ಚೊಗರು ನೀರು ಬಿಸಿಲಲ್ಲಿ, ಇನ್ನೊಂದರಲ್ಲಿ ಪುಡಿ ಹಾಕಿ ನೆರಳಲ್ಲಿ, ಮತ್ತೊಂದರಲ್ಲಿ ಪುಡಿ ಹಾಕಿ ಬಿಸಿಲಲ್ಲಿ. ಪುಡಿ ಇಲ್ಲದೆ ಒಂದು ಕಬ್ಬಿಣದ ಮೊಳೆ ಹಾಕಿದ ಬಕೆಟ್ಟೂ ಇತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೆಲಸ ಇದು. ದುಬಾರಿ ಉಪಕರಣ ಯಾವುದೂ ಇಲ್ಲದೆ, ಕಾರಣಗಳನ್ನು ಒಂದೊಂದಾಗಿ ಬಿಡಿಸಿದ ಕೆಲಸ.

ಮೊಳೆಯ ಬಕೆಟ್ ಮಸಿಯಾಯಿತು, ನಿರೀಕ್ಷಿಸಿದ್ದೇ. ನೆರಳಲ್ಲಿಟ್ಟ ಬಕೆಟ್ಟಿನಲ್ಲಿ ಪುಡಿ ತಳಕ್ಕಿಳಿದಿತ್ತು, ಅದರ ಬಣ್ಣ ತಿಳಿಹಳದಿಯಿಂದ ಕೆಂಪು ಮಿಶ್ರಿತ ಕಂದಾಗಿತ್ತು. ಟ್ಯಾನಿನ್ ಅಣುವಿನ ಕ್ಯಾಟಿಕಾಲ್ ಎಂಬ ಭಾಗಗಳು ಟೈಟೇನಿಯಂ ಪರಮಾಣುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಆ ಹಿಡಿತಕ್ಕೇ ಒಂದು ಬಣ್ಣ ಇದೆ. ಅಂದರೆ ಬೆಳಕು ಬೀಳುವ ಮೊದಲೇ ಪುಡಿಯ ಮೈ ಟ್ಯಾನಿನ್ನಿನಿಂದ ಮುಚ್ಚಿಹೋಗಿತ್ತು. ಆಮ್ಲಜನಕಕ್ಕಾಗಲಿ ನೀರಿಗಾಗಲಿ ತಾಗುವ ಜಾಗ ಉಳಿದಿರಲಿಲ್ಲ. ಬಿಸಿಲಲ್ಲಿಟ್ಟ ಪುಡಿಯ ಬಕೆಟ್ ಮೊದಲು ಸ್ವಲ್ಪ ಗಾಢವಾಯಿತು, ಆಮೇಲೆ ಹಾಗೇ ಉಳಿಯಿತು. ಟ್ಯಾನಿನ್ನಿನಂಥ ಫಿನಾಲುಗಳು ಉತ್ಕರ್ಷಣೆಯ (ಆಮ್ಲಜನಕದಿಂದ ಉರಿಯುವ ಕ್ರಿಯೆಯ) ಮೊದಲ ಹೆಜ್ಜೆಯಲ್ಲಿ ಕ್ವಿನೋನುಗಳಾಗುತ್ತವೆ, ಅವು ಮೂಲಕ್ಕಿಂತ ಗಾಢ ಬಣ್ಣದವು. ಪುಡಿ ಇಲ್ಲದ ಬಕೆಟ್ಟೂ ಬಿಸಿಲಿಗೆ ಅಷ್ಟಿಷ್ಟು ಗಾಢವಾಗಿತ್ತು, ಗಾಳಿಯಿಂದಲೇ. ಅಂದರೆ ಪುಡಿ ಕೆಲಸ ಮಾಡಲೇ ಇಲ್ಲ ಎನ್ನುವಂತಿಲ್ಲ, ಮಾಡಿದ್ದು ಮೊದಲ ಹೆಜ್ಜೆ ಮಾತ್ರ.

ಸತುವಿನ ಆಕ್ಸೈಡ್ ಆದರೆ ಹೇಗೆ ಎಂಬ ಪ್ರಶ್ನೆಯೂ ಬಂತು. ಅದು ಅಗ್ಗ, ಮಾಡಲು ಸುಲಭ, ಪುಸ್ತಕದಲ್ಲಿ ಒಳ್ಳೆಯ ಹೆಸರಿದೆ. ಇಲ್ಲಿ ಅದನ್ನು ಬಳಸಲು ನಾನು ಒಪ್ಪಲಿಲ್ಲ. ಪಿಎಚ್ ಕಾಗದ ಅದ್ದಿದರೆ ಚೊಗರು ಆಮ್ಲದ ಕಡೆಗಿತ್ತು. ಸತುವಿನ ಆಕ್ಸೈಡ್ ಆಮ್ಲದಲ್ಲಿ ಕರಗುತ್ತದೆ, ಬೆಳಕಿನಲ್ಲೂ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಕರಗಿದ ಸತು ಮೀನುಗಳಿಗೆ ವಿಷ. ಇದೇ ತುಂಗೆಯ ದಂಡೆಯಲ್ಲಿ ಚಿಬ್ಬಲಗುಡ್ಡೆಯ ಮತ್ಸ್ಯಧಾಮ ಇದೆ. ಜನ ದೇವರ ಮೀನೆಂದು ಅಕ್ಕಿ ಹಾಕುವ ನದಿಯ ಮೇಲ್ದಂಡೆಯಲ್ಲಿ ನಿಂತು ಸತು ಕರಗಿಸುವ ಪ್ರಯೋಗ ಮಾಡಲಾಗದು.

ಐದು ಗುಂಟೆ ಬಿಸಿಲು

ಪುಡಿಯ ಗುಣ ಇನ್ನೂ ಸುಧಾರಿಸಿದರೆ ಆದೀತೇ? ಹುಡುಗಿಯ ಮನಸ್ಸು ಅತ್ತ ಕಡೆ ಇತ್ತು. ನಾವು ಕಣದ ಕಟ್ಟೆಯ ಮೇಲೆ ಕೂತು ಬಿಸಿಲಿನ ಲೆಕ್ಕ ಹಾಕಿದೆವು. ಈ ಲೆಕ್ಕ ಯಾವ ಪುಡಿಗೂ ಅನ್ವಯಿಸುತ್ತದೆ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ತಿಳಿ ಬಾನಿನ ನಡುಹಗಲಿನಲ್ಲಿ ಒಂದು ಚದರ ಮೀಟರಿಗೆ ಬೀಳುವ ನೇರಳಾತೀತ ಬೆಳಕು 30 ವ್ಯಾಟ್ ಎಂದು ಹಿಡಿಯೋಣ. ದಿನಕ್ಕೆ 5 ಗಂಟೆ ಒಳ್ಳೆಯ ಬಿಸಿಲು. ಒಟ್ಟು ಸುಮಾರು 1.6 ಮೋಲ್ (ರಸಾಯನಶಾಸ್ತ್ರದ ಎಣಿಕೆಯ ಅಳತೆ) ಫೋಟಾನ್, ಅಂದರೆ ಬೆಳಕಿನ ಕಣಗಳು. ಒಂದು ಆಮ್ಲಜನಕದ ಅಣುವಿನಷ್ಟು ಉತ್ಕರ್ಷಣೆಗೆ 4 ಎಲೆಕ್ಟ್ರಾನ್ ಬೇಕು. ಒಂದು ಫೋಟಾನೂ ವ್ಯರ್ಥವಾಗದಿದ್ದರೆ ದಿನಕ್ಕೆ 13 ಗ್ರಾಂ ಆಮ್ಲಜನಕದಷ್ಟು ಕೆಲಸ. ಅಂದರೆ ಏಳೆಂಟು ಗ್ರಾಂ ಕ್ಯಾಟೆಚಿನ್ ಪೂರ್ತಿ ಉರಿಯಬೇಕು. ಆದರೆ ನೂರು ಫೋಟಾನಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕೆಲಸಕ್ಕೆ ಬರುತ್ತವೆ. ಉದಾರವಾಗಿ ಶೇಕಡ 5 ಎಂದುಕೊಂಡರೂ ದಿನಕ್ಕೆ ಚದರ ಮೀಟರಿಗೆ 0.4 ಗ್ರಾಂ ಕ್ಯಾಟೆಚಿನ್.

ಲೀಟರಿಗೆ 1 ಗ್ರಾಂ ಟ್ಯಾನಿನ್ ಇರುವ ನೀರು ಎಂದು ಹಿಡಿಯಿರಿ, ಚೊಗರಿಗೆ ಹೋಲಿಸಿದರೆ ಅದು ಬಹಳ ತೆಳು. ಅಂಥ ನೀರಿನ 200 ಲೀಟರಿನ ಒಂದು ಡ್ರಮ್ಮಿಗೆ 500 ಚದರ ಮೀಟರಿನ ಒಂದು ದಿನದ ಬಿಸಿಲು ಬೇಕು. ಐದು ಗುಂಟೆ ಜಾಗ, ಒಂದು ಡ್ರಮ್ಮಿಗೆ!

ಚೇಣಿದಾರರಿಗೆ ಫೋಟಾನಿನ ಮಾತು ದೂರದ್ದಾಗಿರಬಹುದು, ಗುಂಟೆಯ ಮಾತು ಕೂಡಲೇ ಮುಟ್ಟಿತು. ಕಣದಲ್ಲಿ ಬಿಸಿಲು ಬೀಳುವ ಒಂದೊಂದು ಮಾರು ಜಾಗದಲ್ಲೂ ಬೆಂದ ಅಡಿಕೆ ಒಣಗುತ್ತಿರುತ್ತದೆ. ಅಟ್ಟದ ಮೇಲೆ ಜಾಗ ಸಾಲದೆ ರಸ್ತೆ ಬದಿಗೂ ತಾಡಪಾಲು ಹಾಸುವ ಕಾಲ ಅದು. ಅಲ್ಲಿ ಬಿಸಿಲೆಂದರೆ ದುಡ್ಡು. ಕೊಳೆ ನೀರಿಗೆ ಐದು ಗುಂಟೆ ಬಿಸಿಲು ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಮಾರ್ಪಡಿಸಿದ ಪುಡಿ ಈ ಲೆಕ್ಕವನ್ನು ಎಷ್ಟು ಬದಲಿಸುತ್ತದೆ ಎಂದೂ ನೋಡಿದೆವು. 450 ನ್ಯಾನೊಮೀಟರಿನ ತನಕದ ನೀಲಿ ಬೆಳಕನ್ನೂ ಬಳಸಿದರೆ ಫೋಟಾನುಗಳ ಸಂಖ್ಯೆ ಎರಡೂವರೆ, ಮೂರು ಪಟ್ಟಾದೀತು. ಐದು ಗುಂಟೆ ಎರಡು ಗುಂಟೆಗೆ ಇಳಿದೀತು. ಅದೂ ಕಾಗದದ ಮೇಲೆ. ಸಾರಜನಕದಿಂದ ಬಂದ ಹೊಸ ಶಕ್ತಿಮಟ್ಟದಲ್ಲಿ ಹುಟ್ಟುವ ರಂಧ್ರಕ್ಕೆ ಕಸುವು ಕಡಿಮೆ, ನೀಲಿ ಬೆಳಕಿನಲ್ಲಿ ಅದರ ಕೆಲಸ ನೇರಳಾತೀತದಷ್ಟು ಚುರುಕಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಟ್ಯಾನಿನ್ ನೀರು ನೇರಳಾತೀತವನ್ನೂ ನೀಲಿಯನ್ನೂ ತಾನೇ ಹೀರಿಕೊಳ್ಳುತ್ತದೆ. ಡ್ರಮ್ಮಿನಲ್ಲಿ ಬೆಳಕು ಇಳಿಯುವುದು ಮೇಲಿನ ತೆಳು ಪದರಕ್ಕೆ ಮಾತ್ರ, ಕೆಳಗಿನ ಪುಡಿಯೆಲ್ಲ ಕತ್ತಲಲ್ಲಿ ಇದ್ದಂತೆ. ಪುಡಿ ಎಷ್ಟೇ ಜಾಣ ಇರಲಿ, ಬೆಳಕು ತಲುಪದ ಕಡೆ ಅದು ಬರೀ ಮಣ್ಣು.

ಅದೇ ಲೆಕ್ಕವನ್ನು ಮಗ್ಗುಲು ಬದಲಿಸಿ ಹಾಕಿದಾಗ ದಾರಿ ಕಂಡಿತು. ನೀರಿನಲ್ಲಿ ಟ್ಯಾನಿನ್ ಲೀಟರಿಗೆ 1 ಗ್ರಾಮಿನ ಬದಲು 20 ಮಿಲಿಗ್ರಾಂ ಇದ್ದರೆ ಅದೇ ಡ್ರಮ್ಮಿಗೆ 10 ಚದರ ಮೀಟರ್ ಸಾಕು. ತೆಳು ನೀರಿನಲ್ಲಿ ಕೆಲಸದ ವೇಗ ಕೆಲವು ಪಾಲು ಕುಸಿಯುವುದರಿಂದ ಇನ್ನೂ ಸ್ವಲ್ಪ ಹೆಚ್ಚು ಜಾಗ ಬೇಕಾಗಬಹುದು, ಆದರೂ ಅದು ಒಂದು ಕೊಟ್ಟಿಗೆಯ ಮಾಡಿನ ಅಳತೆ. ಪುಡಿಯಲ್ಲಿ ಮೂರು ಪಟ್ಟು ಸುಧಾರಣೆಗೆ ವರ್ಷಗಟ್ಟಲೆ ದುಡಿಯಬೇಕು. ನೀರಿನಲ್ಲಿ ಐವತ್ತು ಪಟ್ಟು ಸುಧಾರಣೆಗೆ ಬೇಕಾದದ್ದು ಕಣದಲ್ಲೇ ಇತ್ತು.

ಮಾಡಿದ್ದು

ಗಟ್ಟಿ ಚೊಗರನ್ನು ಚೆಲ್ಲುವುದು ನಿಂತಿತು. ಹಳಬರು ಅದನ್ನು ಚೆಲ್ಲುತ್ತಿರಲಿಲ್ಲ, ಕುದಿಸಿ ಇನ್ನೂ ಗಟ್ಟಿ ಮಾಡಿ ಮುಂದಿನ ಬೇಯಿಸುವಿಕೆಗೆ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಿದ್ದರು. ನೂಲಿಗೆ, ಬಟ್ಟೆಗೆ ಬಣ್ಣ ಕೊಡಲು ಚೊಗರು ಬೇಕೆನ್ನುವವರು ಸಾಗರದ ಸೀಮೆಯಲ್ಲೇ ಇದ್ದಾರೆ. ಕಣದ ಗಡಿಬಿಡಿಯಲ್ಲಿ ಇದು ಬಿಟ್ಟುಹೋಗಿತ್ತು. ಚೇಣಿದಾರರು ಕ್ಯಾನುಗಳನ್ನು ತಂದು ತುಂಬಿಸಿಡತೊಡಗಿದರು.

ಸಿಪ್ಪೆ ರಾಶಿಯನ್ನು ಹಳ್ಳದ ಅಂಚಿನಿಂದ ಎತ್ತಿ, ಮೇಲಿನ ಸಮತಟ್ಟಿಗೆ ಹಾಕಿ, ಮೇಲೆ ತಗಡು ಹೊದಿಸಿದರು. ಒಂದು ಭಾಗವನ್ನು ಸಗಣಿ ಬೆರೆಸಿ ಗೊಬ್ಬರಕ್ಕೆ ಇಟ್ಟರು. ಬಾವಿಯ ಬಣ್ಣಕ್ಕೆ ಮುಖ್ಯ ಕಾರಣ ಈ ರಾಶಿಯೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ರಾಶಿ ಎತ್ತಿದ ಮೇಲೆ ಬಾವಿ ನೀರು ತಿಳಿಯಾಗುತ್ತಾ ಬಂತು, ಆಗ ಇನ್ನೂ ಮುಂದೆ ಹೇಳುವ ಟೈಟೇನಿಯಂ ಬಳಿದ ಹೆಂಚುಗಳು ಬಂದಿರಲಿಲ್ಲ.

ಉಳಿದದ್ದು ತೊಳೆದ ನೀರು. ಅದಕ್ಕೆ ಸುಣ್ಣ. ಅಡಿಕೆ ಬೆಳೆಯುವ ಮನೆಯಲ್ಲಿ ಸುಣ್ಣ ಯಾವಾಗಲೂ ಇರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದೇ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಗೆ ಹೊಡೆಯಲು ಕಲಿಸಿದ್ದು ಮಲೆನಾಡಿನ ತೋಟಗಳು ಉಳಿಯಲು ಕಾರಣ, ಅದನ್ನು ಇಲ್ಲಿ ನೆನೆಯದಿರಲು ಮನಸ್ಸಾಗುವುದಿಲ್ಲ. ಸುಣ್ಣದ ತಿಳಿ ಸೇರಿದ ಕೂಡಲೇ ತೊಳೆದ ನೀರು ಕೆಂಪೇರಿತು. ಆಮೇಲೆ ಕ್ಯಾಲ್ಸಿಯಂ ಟ್ಯಾನಿನ್ನನ್ನು ಹಿಡಿದುಕೊಂಡು ಚರಟವಾಗಿ ಕೆಳಗಿಳಿಯಿತು. ರಾತ್ರಿ ಬಿಟ್ಟರೆ ಮೇಲೆ ತಿಳಿಹಳದಿ ನೀರು ನಿಲ್ಲುತ್ತಿತ್ತು. ಚರಟವನ್ನು ಸಿಪ್ಪೆ ಗೊಬ್ಬರಕ್ಕೆ ಬೆರೆಸಿದರು. ಮಲೆನಾಡಿನ ಮಣ್ಣು ಹುಳಿ, ಸುಣ್ಣ ಅದಕ್ಕೆ ಹೇಗೂ ಬೇಕು. ಹೆಚ್ಚು ಸುಣ್ಣ ಹಾಕಿದರೆ ಮೇಲಿನ ನೀರು ಕ್ಷಾರವಾಗುತ್ತದೆ, ಅದನ್ನು ಹಾಗೇ ಹಳ್ಳಕ್ಕೆ ಬಿಡಬಾರದು. ಪಿಎಚ್ ಕಾಗದ ನೋಡಿಕೊಂಡೇ ಹಾಕಬೇಕು, ತಿಳಿನೀರನ್ನು ಒಂದೆರಡು ದಿನ ತೆರೆದ ತೊಟ್ಟಿಯಲ್ಲಿ ಗಾಳಿಗೆ ಬಿಟ್ಟು ಮುಂದೆ ಹರಿಸಬೇಕು.

ಇಷ್ಟಾದ ಮೇಲೆ ಟೈಟೇನಿಯಂ ಡೈಆಕ್ಸೈಡಿನ ಸರದಿ. ಪುಡಿಯನ್ನು ನೀರಿಗೆ ಕಲಸುವ ಪದ್ಧತಿಯನ್ನು ಕೈಬಿಟ್ಟೆವು. ಇಪ್ಪತ್ತೈದು ನ್ಯಾನೊಮೀಟರಿನ ಕಣ ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ, ದಿನಗಟ್ಟಲೆ ಬಿಟ್ಟರೂ ಪೂರ್ತಿ ಇಳಿಯುವುದಿಲ್ಲ, ಹಳ್ಳಕ್ಕೆ ಹೋಗಿ ಬಿಸಿಲಿನಲ್ಲಿ ಅಲ್ಲಿನ ಪಾಚಿ, ಹುಳಗಳ ಮೇಲೂ ಅದೇ ರ‍್ಯಾಡಿಕಲ್ಲನ್ನು ಹುಟ್ಟಿಸುತ್ತದೆ. ಹೊಳಪು ಕೊಡದ ಮಣ್ಣಿನ ಹೆಂಚುಗಳ ಮೇಲೆ ಪುಡಿಯ ತಿಳಿಯನ್ನು ಬ್ರಷ್ಷಿನಿಂದ ಬಳಿದು, ಒಣಗಿಸಿ, ಕಾಲೇಜಿನ ಕುಲುಮೆಯಲ್ಲಿ 450 ಡಿಗ್ರಿ ಸೆಲ್ಸಿಯಸ್ಸಿಗೆ ಸುಟ್ಟು ಅಂಟಿಸಲಾಯಿತು. 600 ಡಿಗ್ರಿ ದಾಟಿದರೆ ಅನಟೇಸ್ ರೂಟೈಲ್ ಎಂಬ ಇನ್ನೊಂದು ರೂಪವಾಗಿ ಚುರುಕು ಕಳೆದುಕೊಳ್ಳುತ್ತದೆ. ಹೆಂಚುಗಳನ್ನು ಇಳಿಜಾರಾಗಿ ಜೋಡಿಸಿ, ತಿಳಿನೀರು ಅವುಗಳ ಮೇಲೆ ತೆಳು ಹಾಳೆಯಾಗಿ ಇಳಿಯುವಂತೆ ಮಾಡಿ, ಸಣ್ಣ ಪಂಪಿನಿಂದ ಮತ್ತೆ ಮೇಲಕ್ಕೆ ಏರಿಸಿದರು. ತೆಳು ಹಾಳೆಗೆ ಬೆಳಕು ತಳದ ತನಕ ಇಳಿಯುತ್ತದೆ, ಗಾಳಿಯ ಆಮ್ಲಜನಕವೂ ಸಿಗುತ್ತದೆ. ಒಳ್ಳೆಯ ಬಿಸಿಲಿನ ದಿನ ಉಳಿದ ಹಳದಿ ಮಾಸುವುದು ಕಣ್ಣಿಗೇ ಕಾಣುತ್ತಿತ್ತು. ಪುಡಿ ಬಳಿಯದ ಹೆಂಚುಗಳ ಒಂದು ಸಾಲನ್ನು ಹುಡುಗಿ ಪಕ್ಕದಲ್ಲೇ ಇಟ್ಟಿದ್ದಳು. ಅಲ್ಲೂ ಮಾಸಿತು, ಆದರೆ ನಿಧಾನವಾಗಿ, ಅರ್ಧಕ್ಕೆ ನಿಂತಿತು.

ಹೆಂಚಿಗೆ ಬಳಿದದ್ದು ಸಾರಜನಕ ಸೇರಿಸಿದ ಹಳದಿ ಪುಡಿಯಲ್ಲ, ಸಾದಾ ಬಿಳಿ ಪುಡಿ. ಅವಳಿಗೆ ಇದನ್ನು ಒಪ್ಪಿಕೊಳ್ಳಲು ಒಂದು ದಿನ ಬೇಕಾಯಿತು. ಬಯಲಿನಲ್ಲಿ ನೇರಳಾತೀತ ಪುಕ್ಕಟೆ ಸಿಗುತ್ತದೆ, ಗಾಳಿಯಲ್ಲಿ ಮತ್ತೆ ಸುಟ್ಟರೆ ಸೇರಿಸಿದ ಸಾರಜನಕ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತದೆ. ಮಾರ್ಪಡಿಸಿದ ಆಕ್ಸೈಡಿನ ನಿಜವಾದ ಜಾಗ ನೇರಳಾತೀತ ಬಾರದ ಮನೆಯೊಳಗೆ, ದೀಪದ ಬೆಳಕಿನಲ್ಲಿ. ಆಸ್ಪತ್ರೆಯ ಗೋಡೆ, ಬಾಗಿಲ ಹಿಡಿಕೆ, ಬಸ್ಸಿನ ಕಂಬಿಗಳಿಗೆ ತಾಮ್ರ ಕೂರಿಸಿದ ಟೈಟೇನಿಯಂ ಅಥವಾ ಟಂಗ್‌ಸ್ಟನ್ ಆಕ್ಸೈಡ್ ಬಳಿಯುವ ಕೆಲಸಗಳು ಅದೇ ಕಾರಣಕ್ಕೆ ನಡೆದಿವೆ. ಅಲ್ಲಿ ತಾಮ್ರ ಕತ್ತಲಲ್ಲೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬೆಳಕು ಅದನ್ನು ಚುರುಕು ಮಾಡುತ್ತದೆ.

ಗೋಡೆಯ ಪಾಚಿ

ಉಳಿದ ಪುಡಿಯ ತಿಳಿಯನ್ನು ಹುಡುಗಿ ಕಣದ ಗೋಡೆಯ ಒಂದು ಪಟ್ಟಿಗೂ ಬಳಿದಿದ್ದಳು. ಟೈಟೇನಿಯಂ ಡೈಆಕ್ಸೈಡ್ ಬಳಿದ ಮೇಲ್ಮೈಗೆ ನೇರಳಾತೀತ ಬಿದ್ದರೆ ನೀರು ಹನಿಯಾಗಿ ನಿಲ್ಲದೆ ಹಾಸಿಕೊಂಡು ಹರಿಯುತ್ತದೆ, ಕೊಳೆಯನ್ನು ಎತ್ತಿಕೊಂಡು ಹೋಗುತ್ತದೆ ಎಂಬುದು 1997ರಿಂದ ತಿಳಿದ ಸಂಗತಿ. ತಾನೇ ತೊಳೆದುಕೊಳ್ಳುವ ಗಾಜು ಬಂದದ್ದು ಅದರಿಂದ. ಮಳೆಗಾಲ ಮುಗಿದ ಮೇಲೆ ನೋಡಿದರೆ ದಕ್ಷಿಣಕ್ಕೆ ತೆರೆದ ಭಾಗದಲ್ಲಿ ಪಾಚಿ ಕಡಿಮೆ ಇತ್ತು. ಸೂರಿನ ಕೆಳಗೆ, ಹಲಸಿನ ಮರದ ನೆರಳಲ್ಲಿ, ಬಳಿದ ಪಟ್ಟಿಗೂ ಬಳಿಯದ ಗೋಡೆಗೂ ವ್ಯತ್ಯಾಸವೇ ಇರಲಿಲ್ಲ. ಕೆಳಗಿನ ಒಂದಡಿ ಎತ್ತರಕ್ಕೆ ಮಳೆಯ ರಾಡಿ ಸಿಡಿದು ಕೂತಿತ್ತು, ರಾಡಿಯ ಅಡಿಯಲ್ಲಿ ಬೆಳಕಿಲ್ಲ. ಆಗುಂಬೆಯ ಸೀಮೆಯಲ್ಲಿ ತಿಂಗಳುಗಟ್ಟಲೆ ಮೋಡ, ಸುತ್ತಲೂ ಮರ. ಪಾಚಿಗೆ ಯೋಗ್ಯವಾದ ಗೋಡೆಗಳೆಲ್ಲ ನೆರಳಿನ ಗೋಡೆಗಳೇ. ಇಂಥ ಬಣ್ಣ ಮಲೆನಾಡಿನ ಗೋಡೆಗೆ ಎಂದು ಯಾರಾದರೂ ಮಾರಲು ಬಂದರೆ ಗೋಡೆಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ಮೊದಲು ನೋಡಿಕೊಳ್ಳಬೇಕು.

ಪುಡಿಯನ್ನು ಕೈಯಾರೆ ಬಳಸುವವರಿಗೆ ಒಂದು ಮಾತು. ಒಣ ನ್ಯಾನೊ ಪುಡಿಯನ್ನು ಗಾಳಿಗೆ ಎಬ್ಬಿಸಬಾರದು. ಉಸಿರಿನೊಂದಿಗೆ ಒಳಹೋಗುವ ಟೈಟೇನಿಯಂ ಡೈಆಕ್ಸೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ 2ಬಿ ಗುಂಪಿನಲ್ಲಿ ಇಟ್ಟಿದೆ. ತಿನ್ನುವ ಪದಾರ್ಥಗಳಲ್ಲಿ ಅದರ ಬಳಕೆಯನ್ನು ಯುರೋಪಿನ ಒಕ್ಕೂಟ 2022ರಲ್ಲಿ ನಿಲ್ಲಿಸಿತು. ಹೆಂಚಿಗೆ ಬಳಿಯುವಾಗ ಪುಡಿಯನ್ನು ಮೊದಲೇ ನೀರಿನಲ್ಲಿ ಒದ್ದೆ ಮಾಡಿಕೊಂಡು, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿಸಿದೆವು. ಅಡಿಕೆ ಒಣಗುವ ಅಟ್ಟದ ಹತ್ತಿರ ಅದನ್ನು ಸುಳಿಯಗೊಡಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಬಾವಿಯವರು ನೀರು ಕುದಿಸಿ ಕುಡಿಯುತ್ತಿದ್ದಾರೆ, ಎರಡು ಮನೆಗಳ ನಡುವೆ ಮಾತುಕತೆ ಇದೆ. ಹೆಂಚುಗಳ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ, ವಾರಕ್ಕೊಮ್ಮೆ ಹುಳಿ ನೀರಿನಲ್ಲಿ ಒರೆಸಬೇಕು, ಒರೆಸಿದಾಗಲೆಲ್ಲ ಬಳಿದದ್ದು ಸ್ವಲ್ಪ ಸವೆಯುತ್ತದೆ. ಹೊರಹೋಗುವ ನೀರಿನ ಸಿಒಡಿ (ಕೊಳೆ ಉರಿಯಲು ಬೇಕಾದ ಆಮ್ಲಜನಕದ ಅಳತೆ) ಮತ್ತು ಟೈಟೇನಿಯಂ ಎರಡನ್ನೂ ಪ್ರಯೋಗಾಲಯದಲ್ಲಿ ಅಳೆಸದೆ ಇದನ್ನು ಬೇರೆ ಕಣಗಳಿಗೆ ಹೇಳಬಾರದು ಎಂದು ನಾನೂ ಹುಡುಗಿಯೂ ತೀರ್ಮಾನಿಸಿದ್ದೇವೆ. ಸುಣ್ಣದ ತೊಟ್ಟಿ, ಸಿಪ್ಪೆಯ ಮಾಡು, ಚೊಗರಿನ ಕ್ಯಾನುಗಳನ್ನು ಮಾತ್ರ ಕೇಳಿದವರಿಗೆಲ್ಲ ಹೇಳುತ್ತಿದ್ದೇವೆ. ಬರುವ ಕೊಯ್ಲಿಗೆ ಚೇಣಿದಾರರು ಹಣ ತೆಗೆದಿಟ್ಟಿರುವುದು ಎರಡನೆಯ ಸುಣ್ಣದ ತೊಟ್ಟಿಗೆ, ಹೆಂಚಿನ ಸಾಲು ಇದ್ದಷ್ಟೇ ಇರಲಿ ಎಂದಿದ್ದಾರೆ. ಹುಡುಗಿಯ ಪ್ರಾಜೆಕ್ಟ್ ವರದಿಯಲ್ಲಿ ಮಿಥಿಲೀನ್ ಬ್ಲೂ ಅಧ್ಯಾಯದ ಪಕ್ಕದಲ್ಲಿ ಈಗ ಬಕೆಟ್ಟುಗಳ ಅಧ್ಯಾಯವೂ ಸೇರಿದೆ, ಕಬ್ಬಿಣದ ಡ್ರಮ್ಮಿನ ಫೋಟೊ ಸಮೇತ.